ಕ್ಯಾಂಪಿನ ಗಿಡದಲ್ಲಿ ವಿಷ ಇರಲಿಲ್ಲ

ಆ ನೀರಿಗೆ ಮೈಲುತುತ್ತ ಹಾಕಿದವಳು ನಾನು.

ಅದು ಗಿಡದ ಜೊತೆ ಬಂದದ್ದಲ್ಲ, ಕಾಲುವೆಯಿಂದ ಬಂದದ್ದಲ್ಲ. ನನ್ನ ಕೈಯಿಂದಲೇ ಬಿದ್ದದ್ದು — ಐದು ವರ್ಷದ ಹಿಂದೆ, ಮಾರ್ಚ್ ತಿಂಗಳ ಎರಡನೇ ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಸಮಯವನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡು, ಎರಡು ದಿನದ ನಂತರ ಆ ಹಾಳೆ ಹರಿದೆ. ಹೈಸ್ಕೂಲಿನಿಂದ ದಿನಚರಿ ಇಡುತ್ತಿದ್ದೇನೆ. ಹರಿದದ್ದು ಅದೊಂದೇ ಹಾಳೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಮನೆಯಲ್ಲೋ ಅಂಗಡಿಯಲ್ಲೋ ಮೀನು ಸಾಕುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. "ಕ್ಯಾಂಪಿನ ಗಿಡ ತರಬ್ಯಾಡ್ರಿ, ಅದರಾಗ ಎಣ್ಣಿ ಇರ್ತದ" — ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಎಣ್ಣಿ ಎಂದರೆ ನಮ್ಮ ಕಡೆ ಗದ್ದೆಗೆ ಹೊಡೆಯುವ ಕೀಟನಾಶಕ. ಆ ಮಾತು ಎಲ್ಲಿಂದ ಹುಟ್ಟಿತು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೇ? ಗೊತ್ತಿಲ್ಲ. ಬಹುಶಃ ಇಲ್ಲ.

ಆಗ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಮನೆ ಮಸ್ಕಿಯಲ್ಲಿ, ಕಾಲೇಜು ಸಿಂಧನೂರಿನಲ್ಲಿ. ಕಾಲೇಜು ಮುಗಿದ ಮೇಲೆ ಇಸ್ಮಾಯಿಲ್ ಚಾಚಾ ಅವರ ಚಷ್ಮಾ ಅಂಗಡಿಯಲ್ಲಿ ನಾಲ್ಕು ತಾಸು ಕೆಲಸ. ಕಣ್ಣಿನ ನಂಬರುಗಳನ್ನು ರಿಜಿಸ್ಟರಿಗೆ ಏರಿಸುವುದು — ಬಲಗಣ್ಣು, ಎಡಗಣ್ಣು, ಪ್ಲಸ್, ಮೈನಸ್. ಒಂದು ಚುಕ್ಕೆ ಆಚೀಚೆಯಾದರೆ ಚಷ್ಮಾ ಹಾಕಿಕೊಂಡವರು ಮೆಟ್ಟಿಲು ತಪ್ಪುತ್ತಾರೆ. ಎರಡು ವರ್ಷದಲ್ಲಿ ನಾನು ಒಂದು ಚುಕ್ಕೆಯನ್ನೂ ತಪ್ಪಿರಲಿಲ್ಲ. ಚಾಚಾ ಗಿರಾಕಿಗಳ ಎದುರು ಹೇಳುತ್ತಿದ್ದರು: "ಸುಜಾತಾ ಬರದಾಳಂದ್ರ ಮುಗೀತು ನೋಡ್ರಿ. ನಾ ಸುಳ್ಳ ಹೇಳಬಹುದು, ಇಕಿ ಪುಸ್ತಕ ಹೇಳಂಗಿಲ್ಲ."

ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಬೆಂಚಿನ ಎದುರಿಗೆ ನಾಲ್ಕು ಅಡಿ ಉದ್ದದ ಅಕ್ವೇರಿಯಂ. ಅದರಲ್ಲಿ ಸಿಕ್ಲಿಡ್ ಮೀನುಗಳು, ಆಫ್ರಿಕಾದ ಸರೋವರದ ಜಾತಿ — ಹಳದಿ ಹನ್ನೊಂದು, ನೀಲಿ ಎಂಟು. ಅಂಗಡಿಯ ಬೋರಿನ ನೀರು ಸವಳು. ಕೊಡದ ಒಳಗೆಲ್ಲ ಬಿಳಿ ಸುಣ್ಣ ಕಟ್ಟುತ್ತಿತ್ತು. ಈ ಮೀನುಗಳಿಗೆ ಅಂಥ ಗಡಸು ನೀರೇ ಒಗ್ಗುತ್ತದೆ. "ಊರಾಗ ನಮ್ಮ ಬೋರಿನ ನೀರು ಹೊಗಳೋರು ಈ ಹತ್ತೊಂಬತ್ತು ಮಂದೀನ" ಎಂದು ಚಾಚಾ ನಗುತ್ತಿದ್ದರು.

ಪಾಚಿ ಮಾತ್ರ ನಮ್ಮನ್ನು ಸೋಲಿಸಿತ್ತು. ಗಾಜಿನ ಮೇಲೆ ಹಸಿರು, ಕಲ್ಲಿನ ಮೇಲೆ ಕೂದಲಿನ ಹಾಗೆ ಹಸಿರು. ಮೀನಿನ ಬಣ್ಣ ನೋಡಬೇಕೆಂದರೆ ಗಾಜಿಗೆ ಮೂಗು ಹಚ್ಚಬೇಕು. ನಾನು ಮುಂದಿನ ಗಾಜನ್ನು ಮನಸ್ಸಿನಲ್ಲೇ ಇಪ್ಪತ್ನಾಲ್ಕು ಚೌಕವಾಗಿ ಹಂಚಿಕೊಂಡು, ದಿನಾ ಐದು ಗಂಟೆಗೆ ಎಷ್ಟು ಚೌಕಕ್ಕೆ ಪಾಚಿ ಬಂದಿದೆ ಎಂದು ಎಣಿಸಿ ಬರೆಯುತ್ತಿದ್ದೆ. ಹದಿನಾಲ್ಕು. ಹದಿನೈದು. ಹದಿನೇಳು. ಎಣಿಸಿದರೆ ಪಾಚಿ ಕಡಿಮೆಯಾಗುವುದಿಲ್ಲ ಎಂಬುದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು.

ನಿತಾಯಿ ಕಾಕಾ ಬಂದದ್ದು ಜನವರಿಯಲ್ಲಿ, ಓದುವ ಚಷ್ಮಾಕ್ಕೆ. ಓದಲಿಕ್ಕಲ್ಲ — ಬಲೆಯ ಕಣ್ಣು ಹೆಣೆಯಲಿಕ್ಕೆ. ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವರು, ಚಿಕ್ಕವರಿದ್ದಾಗ ತಂದೆತಾಯಿಯ ಜೊತೆ ಬಂಗಾಳದ ಕಡೆಯಿಂದ ಬಂದು ಇಲ್ಲೇ ಬೆಳೆದವರು. ಎರಡು ಎಕರೆ ಭತ್ತ, ಮನೆಯ ಹಿಂದೆ ಒಂದು ಹೊಂಡ, ಹೊಂಡದಲ್ಲಿ ಮೀನು. ನಮ್ಮ ಭಾಷೆ ನಮ್ಮ ಹಾಗೇ ಮಾತಾಡುತ್ತಾರೆ, ಸಕಾರ ಮಾತ್ರ ಶಕಾರವಾಗುತ್ತದೆ. ನಾನು ಅವರಿಗೆ ಶುಜಾತಾ. "ಏನಂತ ಕರೀಲಿ ನಿಮ್ಮನ್ನ?" ಎಂದು ಕೇಳಿದಾಗ "ಕಾಕಾ ಅನ್ನು" ಎಂದಿದ್ದರು. ನಮ್ಮಲ್ಲಿ ಅಪ್ಪನ ತಮ್ಮ ಕಾಕಾ; ಅವರ ಬಂಗಾಳಿಯಲ್ಲೂ ಅಪ್ಪನ ತಮ್ಮ ಕಾಕಾ. ಯಾರೂ ಯಾರ ಭಾಷೆಯನ್ನೂ ಕಲಿಯಬೇಕಾಗಲಿಲ್ಲ.

ಆ ದಿನ ಅವರು ಬೆಂಚಿನ ಮೇಲೆ ಒಂದು ತಾಸು ಕುಳಿತರು. ಹೆಸರು ಕೂಗಿದರೂ ಏಳಲಿಲ್ಲ. ಮೀನು ನೋಡುತ್ತಿದ್ದರು. ಜನ ಮೀನು ನೋಡುವುದನ್ನು ನಾನು ದಿನಾ ನೋಡುತ್ತಿದ್ದೆ — ಬಣ್ಣ ನೋಡುತ್ತಾರೆ, ಎಣಿಸುತ್ತಾರೆ, ಗಾಜು ತಟ್ಟುತ್ತಾರೆ. ಕಾಕಾ ಮೀನಿನ ಬಾಯಿ ನೋಡುತ್ತಿದ್ದರು.

"ಇವು ಬಾಯಿ ನೋಡಿದಿ ಏನು ಶುಜಾತಾ? ಕೆಳಗ ತೆರದಾವ. ಕಲ್ಲು ನೆಕ್ಕೋ ಬಾಯಿ ಇದು. ಹಿಂದಿನ ಕಲ್ಲಿನ ಪಾಚಿ ಇವುಕ್ಕ ಹುಲ್ಲಿದ್ದಂಗ. ಅದನ್ನ ಯಾಕ ಉಜ್ಜಿ ತೆಗಿತೀರಿ?"

"ಮತ್ತ ಮುಂದಿನ ಗಾಜಿನ ಪಾಚಿ, ಕಾಕಾ?"

"ಅದು ನಿಮ್ಮ ದೀಪದ ಬೆಳಿ. ನೀವಾ ಬಿತ್ತೀರಿ, ನೀವಾ ಬೆಳಿತೀರಿ." ಆಮೇಲೆ ಚಾಚಾ ಕಡೆ ತಿರುಗಿ: "ಎಷ್ಟು ತಾಶು ಹಚ್ಚತಿ ದೀಪಾ?"

"ಅಂಗಡಿ ತೆಗದಾಗಿಂದ ಮುಚ್ಚೋತನಕ. ಹನ್ನೆರಡು ತಾಸು. ಗಿರಾಕಿ ನೋಡಬೇಕಲ್ಲಪಾ."

"ಗಿರಾಕಿ ಮನೀಗೆ ಹೋಗ್ತಾನ. ಮೀನು ಎಲ್ಲಿಗೆ ಹೋಗಬೇಕು? ಏಳು ತಾಶು ಶಾಕು."

ಹೀಗೆ ಶುರುವಾಯಿತು. ಎರಡು ವಾರಕ್ಕೊಮ್ಮೆ ಶುಕ್ರವಾರ ಅವರು ಬರತೊಡಗಿದರು. ಕೆಲಸವೇನೂ ಇರುತ್ತಿರಲಿಲ್ಲ, ಬೆಂಚಿನ ಮೇಲೆ ಕುಳಿತು ನೋಡುವುದಕ್ಕೇ ಬರುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ಆ ಪುಟಗಳನ್ನು ಈಗ ತೆರೆದರೆ ಒಂದು ಪಾಠಪುಸ್ತಕದ ಹಾಗಿವೆ — ಗಾಜಿನ ಪೆಟ್ಟಿಗೆಯಲ್ಲಿ ಎಂದೂ ಮೀನು ಸಾಕದ ಮನುಷ್ಯ, ಬರೀ ಕಣ್ಣಿನಿಂದ ಹೇಳಿಕೊಟ್ಟ ಪಾಠ. ದಿನಕ್ಕೆ ಎರಡು ಹಿಡಿ ಹಾಕುತ್ತಿದ್ದ ಮೀನಿನ ಕಾಳಿನ ಬದಲು ಒಂದು ಚಿಟಿಕೆ. ಮೀನು ಬಿಟ್ಟ ಕಾಳು ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಒಮ್ಮೆಲೇ ಪೂರ್ತಿ ಬೇಡ. ಇಷ್ಟೇ. ಆದರೆ ಪ್ರತಿಯೊಂದಕ್ಕೂ ಮೊದಲು ಅವರು ಅರ್ಧ ತಾಸು ಸುಮ್ಮನೆ ನೋಡುತ್ತಿದ್ದರು, ಆಮೇಲೆ ಒಂದು ಮಾತು.

ಗಿಡದ ವಿಷಯದಲ್ಲಿ ನಾವು ಮೊದಲೇ ಮೂರು ಸಲ ಸೋತಿದ್ದೆವು. ಪಾರ್ಸಲ್‌ನಲ್ಲಿ ತರಿಸಿದ ಎಳೆ ಗಿಡಗಳನ್ನು ಸಿಕ್ಲಿಡ್‌ಗಳು ಎರಡು ದಿನದಲ್ಲಿ ತಿಂದು ಮುಗಿಸಿದವು. ನೆಟ್ಟದ್ದನ್ನು ಮರಳು ತೋಡಿ ಕಿತ್ತುಹಾಕಿದವು. ತೋಡುವುದು ಅವುಗಳ ಹುಟ್ಟುಗುಣ. ಉಳಿದದ್ದು ದಪ್ಪ ಎಲೆಯ ಅನುಬಿಯಸ್ ಒಂದೇ, ಅದೂ ಬುಡದಿಂದ ಕೊಳೆಯತೊಡಗಿತ್ತು. ಆ ಗಿಡವನ್ನು ಕಾಕಾ ಜನ್ಮದಲ್ಲಿ ನೋಡಿರಲಿಲ್ಲ. ನೀರಿಗೆ ಕೈ ಹಾಕಿ, ಬುಡ ಮುಟ್ಟಿ ನೋಡಿ, "ಇದರ ಹೊಟ್ಟೀನ ಮಣ್ಣಾಗ ಹೂತೀರಿ. ಉಶಿರು ಕಟ್ಟಿ ಶಾಯಾಕತ್ತದ" ಎಂದರು. ಕಿತ್ತರು. ಜೇಬಿನಿಂದ ಬಲೆಯ ದಾರ ತೆಗೆದು ಒಂದು ಕಲ್ಲಿಗೆ ಕಟ್ಟಿದರು, ಬೇರು ನೀರಿನಲ್ಲಿ ತೇಲುವ ಹಾಗೆ. ಹನ್ನೆರಡನೇ ದಿನ ಹೊಸ ಎಲೆ ಬಂತು. ಅದನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.

ನಂತರ ಅವರು ಕಾಲುವೆಯ ಗಿಡ ತಂದರು. ರಿಬ್ಬನ್ನಿನ ಹಾಗೆ ಉದ್ದ ಎಲೆ, ಇಂಗ್ಲಿಷ್ ಹೆಸರು ವ್ಯಾಲಿಸ್ನೇರಿಯಾ. ಕಾಕಾ ಅದನ್ನು "ಪಾತಾ ಶ್ಯಾವ್ಲಾ" ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಶ್ಯಾವ್ಲಾ ಎಂದರೆ ಪಾಚಿ. ಈ ಗಿಡ ಎಲೆಯ ಪಾಚಿ. ಚಾಚಾ ಬಿಡುತ್ತಾರೆಯೇ! "ಅಲ್ಲಪಾ ನಿತಾಯಿ, ಪಾಚಿ ತೆಗಿ ಅಂದ್ರ ಕ್ಯಾಂಪಿನಿಂದ ಇನ್ನೊಂದಿಷ್ಟು ಪಾಚಿ ತಂದಿ?"

"ಹೂಂ. ಒಂದು ಶ್ಯಾವ್ಲಾ ಇನ್ನೊಂದರ ಕೂಳು ಕಶೀತದ. ಇದು ಉಂಡು ಬೆಳೀತದ, ಅದು ಉಪಾಶ ಶಾಯ್ತದ. ನೋಡ್ತಿರು."

ಮೀನು ತೋಡಬಾರದೆಂದು ಒಂದೊಂದು ಗಿಡವನ್ನೂ ಮಣ್ಣಿನ ಕುಡಿಕೆಯಲ್ಲಿ ನೆಟ್ಟು, ಬಾಯಿಗೆ ಗುಂಡುಕಲ್ಲು ಹೇರಿ ತಂದಿದ್ದರು. ಮತ್ತೆ — ಇದನ್ನು ನೀವು ಗಮನವಿಟ್ಟು ಓದಬೇಕು — ಕಾಲುವೆಯಿಂದ ಕಿತ್ತ ಗಿಡವನ್ನು ಅವರು ನೇರವಾಗಿ ಎಂದೂ ತರುತ್ತಿರಲಿಲ್ಲ. ಹದಿನೈದು ದಿನ ಮನೆಯಲ್ಲಿ ಬಕೆಟ್ಟಿನಲ್ಲಿಟ್ಟು, ಅದರೊಳಗೆ ತಮ್ಮ ಹೊಂಡದ ಸಣ್ಣ ಮೀನು ನಾಲ್ಕು ಬಿಡುತ್ತಿದ್ದರು. "ಗದ್ದೀಗೆ ಎಣ್ಣಿ ಹೊಡಿತಾರಲ್ಲ, ಅದಕ್ಕ. ಮೊದಲು ನನ್ನ ಮೀನು ಬದುಕಲಿ, ಆಮ್ಯಾಲೆ ನಿಮ್ಮ ಮೀನು" ಎಂದಿದ್ದರು. ಇದು ಫೆಬ್ರುವರಿಯ ಪುಟದಲ್ಲಿದೆ, ನನ್ನದೇ ಅಕ್ಷರದಲ್ಲಿ.

ಪಾಚಿ ಇಳಿಯತೊಡಗಿತು. ಹದಿನೇಳು ಚೌಕ ಹದಿನೈದಾಯಿತು. ಹದಿನಾಲ್ಕು. ಒಂದು ವಾರ ಹದಿನಾಲ್ಕೇ. ಆಮೇಲೆ ಹದಿಮೂರು. ನನ್ನ ಗ್ರಾಫಿನ ಗೆರೆ ಮುದುಕಿ ಗುಡ್ಡ ಇಳಿದ ಹಾಗೆ ಇಳಿಯುತ್ತಿತ್ತು. ಆಗ ಮೂರು ಊರಿನ ಮೀನು ಸಾಕುವವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು; ಅದರಲ್ಲಿ ನಾನು ಬರೆದುಬಿಟ್ಟಿದ್ದೆ — ಮಾರ್ಚ್ ಹದಿನೈದಕ್ಕೆ ಪಾಚಿ ಐದು ಚೌಕಕ್ಕೆ ಇಳಿಯುತ್ತದೆ, ಫೋಟೋ ಹಾಕುತ್ತೇನೆ. ಯಾರೂ ಕೇಳಿರಲಿಲ್ಲ. ನಾನೇ ಬರೆದದ್ದು.

ಇನ್ನೊಂದು ಸಂಗತಿ ಇದೆ. ಹೇಳಲು ನಾಚಿಕೆಯಾಗುವುದು ಇದೇ. ಒಂದು ದಿನ ಚಾಚಾ ಒಬ್ಬ ಗಿರಾಕಿಗೆ ನಮ್ಮಿಬ್ಬರನ್ನು ತೋರಿಸಿ, "ಈ ಹುಡುಗಿ ಪುಸ್ತಕದಾಗ ಬರೀತಾಳ, ಅಂವ ಕಣ್ಣಾಗ ಬರೀತಾನ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಮಸ್ಕಿ ಮುಟ್ಟುವವರೆಗೂ ಆ ಮಾತು ಮುಳ್ಳಿನ ಹಾಗೆ — ನನಗೆ ಕಾಕಾ ಮೇಲೆ ಪ್ರೀತಿ ಇತ್ತು. ಅದರ ಜೊತೆಗೇ, ಅದರ ಪಕ್ಕದಲ್ಲೇ, ಈ ಹೊಟ್ಟೆಕಿಚ್ಚೂ ಇತ್ತು.

ಬಳಗಾನೂರಿನಲ್ಲಿ ನನ್ನ ಸೋದರಮಾವನ ಭತ್ತದ ಗದ್ದೆ ಇದೆ. ಕಾಲುವೆ ಸೀಮೆಯವರಿಗೆಲ್ಲ ಗೊತ್ತಿರುವ ಉಪಾಯ: ಮಡಿಯಲ್ಲಿ ಪಾಚಿ ಕಟ್ಟಿದರೆ ಮೈಲುತುತ್ತವನ್ನು ಅರಿವೆಯಲ್ಲಿ ಗಂಟು ಕಟ್ಟಿ ನೀರು ಬೀಳುವ ಬಾಯಿಗೆ ಇಡುತ್ತಾರೆ. ನೀಲಿ ಕರಗುತ್ತದೆ, ಪಾಚಿ ಸಾಯುತ್ತದೆ. ಚಿಕ್ಕಂದಿನಿಂದ ನೋಡಿದ್ದೆ. ಗದ್ದೆಯ ನೀರು ಮುಂದೆ ಹರಿದುಹೋಗುತ್ತದೆ, ಗಾಜಿನ ಪೆಟ್ಟಿಗೆಯ ನೀರು ಎಲ್ಲಿಗೂ ಹೋಗುವುದಿಲ್ಲ — ಇದು ನನ್ನ ಲೆಕ್ಕದಲ್ಲಿ ಬರಲೇ ಇಲ್ಲ. ಮಾವನ ಮನೆಯಿಂದ ಮೈಲುತುತ್ತದ ಒಂದು ಚೂರನ್ನು ಕಾಗದದಲ್ಲಿ ಸುತ್ತಿ ತಂದೆ.

ಶುಕ್ರವಾರ ಕಾಕಾ ಬಂದು ಹೊಸ ಗಿಡದ ಎರಡು ಕುಡಿಕೆ ಇಟ್ಟು ಹೋಗಿದ್ದರು. ಹೋಗುವ ಮುಂಚೆ ಒಂದು ನೀಲಿ ಮೀನನ್ನು ತೋರಿಸಿದ್ದರು. ಅದು ಕೆಲವು ದಿನದಿಂದ ಕಾಳು ಮುಟ್ಟುತ್ತಿರಲಿಲ್ಲ. ರೋಗ ಎಂದು ಚಾಚಾಗೆ ಚಿಂತೆ. ಕಾಕಾ ಗಾಜಿನ ಹತ್ತಿರ ಬಗ್ಗಿ ಪಿಸುಮಾತಿನಲ್ಲಿ ಹೇಳಿದರು — ಮೀನಿಗೆ ಕೇಳಬಾರದೆಂಬ ಹಾಗೆ — "ರೋಗ ಅಲ್ಲ. ಬಾಯಿತುಂಬ ಮಕ್ಕಳದಾವ. ಅದಕ್ಕ ಉಪಾಶ ಅದಾಳ. ಇಂಥಾದ್ದು ನಾ ಎಂದೂ ನೋಡಿಲ್ಲ, ಶುಜಾತಾ. ಬರೋ ಶುಕ್ರವಾರ ಮತ್ತ ಬರ್ತೀನಿ. ಬಾಯಿ ಬಿಡೋದು ನೋಡಬೇಕು." ಈ ಜಾತಿಯ ತಾಯಿ ಮರಿಗಳನ್ನು ಬಾಯೊಳಗೇ ಇಟ್ಟು ಕಾಯುತ್ತದೆ. ಎರಡು ವಾರದ ನೇಮ ಮುರಿದು ಮುಂದಿನ ವಾರವೇ ಬರುತ್ತೇನೆ ಎಂದವರು.

ಶನಿವಾರ ಚಾಚಾ ಮದುವೆಗೆಂದು ಕಲಬುರಗಿಗೆ ಹೋದರು. ಎರಡು ದಿನ ಅಂಗಡಿ ಬಂದ್. ಮೀನಿಗೆ ಕಾಳು ಹಾಕಲು ಕೀಲಿ ನನ್ನ ಕೈಗೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಒಂದು ಕಡಲೆಕಾಳಿನಷ್ಟು ಮೈಲುತುತ್ತವನ್ನು ಕರವಸ್ತ್ರದ ತುದಿಯಲ್ಲಿ ಕಟ್ಟಿ ಇಳಿಬಿಟ್ಟೆ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದೆ. ಭಾನುವಾರ ಮಸ್ಕಿಯಿಂದ ಇದಕ್ಕಾಗಿಯೇ ಬಂದೆ. ಪಾಚಿ ಹಾಗೇ ಇತ್ತು. ಎರಡು ಕಡಲೆಕಾಳಿನಷ್ಟು ಹಾಕಿದೆ. ಅದನ್ನೂ ಬರೆದೆ.

ಸೋಮವಾರ ನಾನು ಹೋಗುವಷ್ಟರಲ್ಲಿ ಚಾಚಾ ಅಂಗಡಿ ತೆಗೆದಿದ್ದರು. ಪಾಚಿ ಬೂದಿಬಣ್ಣಕ್ಕೆ ತಿರುಗಿ ಚಿಂದಿಚಿಂದಿಯಾಗಿ ಉದುರಿತ್ತು. ನೀರು ಅಕ್ಕಿ ತೊಳೆದ ನೀರಿನ ಹಾಗೆ. ಕಾಕಾ ತಂದ ಉದ್ದ ಎಲೆಗಳು ಕರಗಿ ನಾರಾಗಿದ್ದವು. ಬದುಕಿದ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಸತ್ತವು ಆರು. ಅದರಲ್ಲಿ ಉಪವಾಸ ಇದ್ದ ಆ ತಾಯಿ ಒಂದು.

ಚಾಚಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವರು ಕೇಳಿದ್ದು ಇಷ್ಟೇ: "ಪುಸ್ತಕ ತೆಗಿ ಬೇಟಿ. ಏನೇನು ಆಗ್ಯಾದ ಓದು."

ನಾನು ಬಚ್ಚಲ ಕಡೆ ಹೋಗಿ ಆ ಹಾಳೆ ಹರಿದು ಬಂದು ಓದಿದೆ. ಶುಕ್ರವಾರ: ಹೊಸ ಗಿಡ ಎರಡು ಕುಡಿಕೆ, ಕ್ಯಾಂಪಿನಿಂದ. ದೀಪ ಏಳು ತಾಸು. ಶನಿವಾರ, ಭಾನುವಾರ: ದೀಪ ಇಲ್ಲ, ಒಂದು ಚಿಟಿಕೆ ಕಾಳು. ಬೇರೆ ಏನೂ ಇಲ್ಲ, ಚಾಚಾ.

ನಾನು ಕಾಕಾ ಹೆಸರು ಎತ್ತಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ, ಎತ್ತಲಿಲ್ಲ. ಶುಕ್ರವಾರದ ಸಾಲನ್ನು ಮಾತ್ರ ಉಳಿದವುಗಳಿಗಿಂತ ಒಂದಿಷ್ಟು ಗಟ್ಟಿಯಾಗಿ ಓದಿದೆ.

ಆ ಶುಕ್ರವಾರ ಕಾಕಾ ಹೊಸ ಅಂಗಿ ಹಾಕಿಕೊಂಡು ಬಂದರು. ಬೆಂಚಿನ ಮೇಲೆ ಆರೇಳು ಮಂದಿ ಗಿರಾಕಿಗಳಿದ್ದರು. ಚಾಚಾ ತಡೆದುಕೊಳ್ಳಲಿಲ್ಲ: "ನೋಡು ಬಾ ನಿತಾಯಿ, ನಿನ್ನ ಶ್ಯಾವ್ಲಾ ಏನ್ ಮಾಡ್ಯಾದ. ಎಣ್ಣಿ ಕುಡದ ಗಿಡ ತಂದು ನನ್ನ ನೀರಿಗೆ ಇಟ್ಟಿ. ನಿಮ್ಮ ಕ್ಯಾಂಪಿನ ಗದ್ದಿ ವಿಷ ನನ್ನ ಮೀನಿಗೇ ಬೇಕಾಗಿತ್ತೇನು?"

ಯಾರೋ ನಕ್ಕರು. ಕಾಕಾ ಚಾಚಾ ಕಡೆ ನೋಡಲಿಲ್ಲ. ಟ್ಯಾಂಕನ್ನು ನೋಡಿದರು, ಬಹಳ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ನೀರಿಗೆ ಏನೂ ಹಾಕಿಲ್ಲೇನು ಶುಜಾತಾ?"

"ಇಲ್ಲ ಕಾಕಾ."

"ಪುಶ್ತಕದಾಗ?"

"ಪುಸ್ತಕದಾಗೂ ಇಲ್ಲ."

ಅವರು ತಲೆಯಾಡಿಸಿದರು. ಹೌದು ಎನ್ನುವ ಹಾಗೆ. ಮೆಟ್ಟಿಲಿಳಿದು ಹೋದರು. ಬಕೆಟ್ಟಿನ ಮಾತು, ಹದಿನೈದು ದಿನದ ಮಾತು ಅವರು ಎತ್ತಲೇ ಇಲ್ಲ. ನನ್ನ ಫೆಬ್ರುವರಿಯ ಪುಟದಲ್ಲಿ ಅದಿತ್ತು. ನಾಲ್ಕು ಹಾಳೆ ಹಿಂದೆ ತಿರುವಿದ್ದರೆ ಸಾಕಿತ್ತು. ನಾನು ತಿರುವಲಿಲ್ಲ. ಆ ಸಂಜೆ ಗುಂಪಿನಲ್ಲಿ ಎಲ್ಲರೂ "ಫೋಟೋ ಎಲ್ಲಿ?" ಎಂದು ಕೇಳಿದಾಗ ಬರೆದೆ: ಹೊಸ ಗಿಡ ಹಾಕಿದ ಮೂರನೇ ದಿನ ಆರು ಮೀನು ಸತ್ತವು. ಅಷ್ಟೇ ಬರೆದೆ. ಉಳಿದದ್ದನ್ನು ನೀವು ಸೇರಿಸಿಕೊಂಡಿರಿ — ಸೇರಿಸಿಕೊಳ್ಳಲಿ ಎಂದೇ ಹಾಗೆ ಬರೆದದ್ದು.

ಈಗ ನಾನು ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಹೋದ ತಿಂಗಳು ಪಕ್ಕದ ಮೇಜಿನ ಬಸವರಾಜ ಅವರು ಮಗಳಿಗಾಗಿ ಅಕ್ವೇರಿಯಂ ತಂದರು, ಸಿಕ್ಲಿಡ್ ಮೀನೇ. ಗಿಡ ಯಾವುದು ಹಾಕಲಿ ಎಂಬ ಮಾತು ಬಂದಾಗ ನಾನು ವ್ಯಾಲಿಸ್ನೇರಿಯಾ ಎಂದೆ; ಸಿಂಧನೂರಿನ ಕಡೆ ಕಾಲುವೆಯಲ್ಲೇ ಸಿಗುತ್ತದೆ ಎಂದೆ. ಅವರು ಎರಡೂ ಕೈ ಮೇಲೆತ್ತಿದರು.

"ಬ್ಯಾಡ್ರಿ ಮೇಡಂ, ಕ್ಯಾಂಪಿನ ಗಿಡ ಅಂತೂ ಬ್ಯಾಡಾ! ಎಣ್ಣಿ ಇರ್ತದಂತ. ಸಿಂಧನೂರಾಗ ಒಬ್ಬಾಕಿ ದಿನಾ ಲೆಕ್ಕಾ ಇಟ್ಟು ನೋಡ್ಯಾಳಂತ್ರೀ. ಬರದಿಟ್ಟಾಳಂತ!"

ನನ್ನ ಬಗ್ಗೆಯೇ ನನಗೆ ಹೇಳುತ್ತಿದ್ದರು. ಒಂದು ಸುಳ್ಳು ಐದು ವರ್ಷದಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ನಡೆದು ಬಂದು, ಶಾಸ್ತ್ರವಾಗಿ, ನನ್ನದೇ ಅಕ್ಷರವನ್ನು ಸಾಕ್ಷಿಗೆ ಕರೆದುಕೊಂಡು ನನ್ನ ಮುಂದೆ ಕುಳಿತಿತ್ತು.

ಆ ಭಾನುವಾರ ಚಾಚಾ ಅಂಗಡಿಗೆ ಹೋದೆ. ಹೇಳಿದೆ. ಅವರು ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಐದು ವರ್ಷ," ಎಂದರು. "ಬಜಾರದಾಗ ಎದುರಿಗೆ ಬಂದ್ರ ಮುಖ ತಿರುವೀನಿ. ಸಲಾಂ ಹೇಳಿಲ್ಲ ನಾ ಆ ಮನಷ್ಯಾಗ."

"ಚಾಚಾ, ನಾ—"

"ನಿನ್ನ ಮ್ಯಾಲೆ ಸಿಟ್ಟು ಆಮ್ಯಾಲೆ ಮಾಡ್ತೀನಿ. ಮೊದಲು ಆಟೋ ಕರಿ."

ಕ್ಯಾಂಪಿನ ಮನೆಯ ಅಂಗಳದಲ್ಲಿ ಕಾಕಾ ಬಲೆ ಹೆಣೆಯುತ್ತಿದ್ದರು. ಮೂಗಿನ ಮೇಲೆ ನಮ್ಮ ಅಂಗಡಿಯದೇ ಚಷ್ಮಾ. ನಾನು ಕೂರಲಿಲ್ಲ, ನಿಂತೇ ಹೇಳಿದೆ — ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತು, ಒಂದೇ ಉಸಿರಿನಲ್ಲಿ. ಅವರ ಕೈಯ ಸೂಜಿ ಬಲೆಯ ಒಂದು ಕಣ್ಣಿನಲ್ಲಿ ನಿಂತಿತು.

"ಎಷ್ಟು ಹಾಕಿದ್ದಿ?"

"ಶನಿವಾರ ಒಂದು ಕಡಲಿಕಾಳಿನಷ್ಟು. ಭಾನುವಾರ ಎರಡು."

"ಮೂರು," ಎಂದರು. ಅಷ್ಟೇ.

ಚಾಚಾ ಮುಂದೆ ಬಂದರು. "ನಿತಾಯಿ, ನಾ ಅಷ್ಟು ಮಂದಿ ಮುಂದ ನಿನಗ..."

"ನೀ ಪುಶ್ತಕಾನ ಕೇಳಿದಿ, ಇಶ್ಮಾಯಿಲ್. ನನ್ನ ಕೇಳಲಿಲ್ಲ." ಸೂಜಿಯನ್ನು ಬಲೆಗೆ ಸಿಕ್ಕಿಸುತ್ತ, "ನಿನಗೇನಂತ ಅನ್ನಲಿ? ನಾನೂ ಪುಶ್ತಕಾನೇ ಕೇಳಿದ್ನಲ್ಲ."

ಆಮೇಲೆ ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅವತ್ತು ಅಂಗಡಿಯಿಂದ ಮನೆಗೆ ಬಂದವರು ಹೊಂಡಕ್ಕೆ ಇಳಿದು ಅಲ್ಲಿ ಬೆಳೆದಿದ್ದ ಪಾತಾ ಶ್ಯಾವ್ಲಾವನ್ನೆಲ್ಲ ಬುಡಸಮೇತ ಕಿತ್ತು ದಂಡೆಗೆ ಹಾಕಿದರಂತೆ. ಹೆಂಡತಿ ಬೇಡವೆಂದರೂ ಕೇಳಲಿಲ್ಲವಂತೆ. "ಬಕೀಟಿನ ಮೀನು ಬದುಕಿದ್ದವು. ನೀರು ನೋಡಿದ್ದೆ. ಚಲೋ ಇತ್ತು. ನಿನ್ನ ಪುಶ್ತಕದಾಗ ಏನೂ ಇಲ್ಲಂದ ಮ್ಯಾಲೆ ತಪ್ಪು ನನ್ನ ಕಣ್ಣಿಂದೇ ಅಂತ ತಿಳಕೊಂಡೆ. ನೀರು ನೋಡಿದ್ರ ನನಗ ತಿಳೀತಿತ್ತು, ಶುಜಾತಾ. ಶಣ್ಣಾವ ಇದ್ದಾಗಿಂದ ತಿಳೀತಿತ್ತು. ಅವತ್ತಿಂದ ನೋಡೋದು ಬಿಟ್ಟೆ."

ಇಷ್ಟು ವರ್ಷ ನಾನು ಅವರ ಹೆಸರು ಕೆಡಿಸಿದೆ ಎಂದಷ್ಟೇ ತಿಳಿದಿದ್ದೆ. ಅವರಿಗೆ ಅವಮಾನವಾಯಿತು, ಸಿಟ್ಟು ಬಂದಿತು, ಅದಕ್ಕೇ ಬರಲಿಲ್ಲ ಎಂದು. ಅವರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. ಅವರು ನನ್ನನ್ನು ನಂಬಿದ್ದರು. ನನ್ನನ್ನು ನಂಬಿ ತಮ್ಮ ಕಣ್ಣನ್ನು ಬಿಟ್ಟುಕೊಟ್ಟಿದ್ದರು — ನಾನು ಕಂಡ ಅತ್ಯಂತ ಒಳ್ಳೆಯ ಕಣ್ಣನ್ನು.

"ಆ ನೀಲಿ ತಾಯಿ," ಎಂದರು. "ಮಕ್ಕಳನ್ನ ಬಿಟ್ಟಿದ್ದಳೇನು?"

ಇದನ್ನು ನಾನು ಚಾಚಾಗೂ ಹೇಳಿರಲಿಲ್ಲ. "ಇಲ್ಲ ಕಾಕಾ. ಬಾಯೊಳಗ ಇದ್ದವು. ಎಣಿಸಿದ್ದೆ. ಇಪ್ಪತ್ತಮೂರು."

ಅವರು ಬಲೆ ಮಡಚಿಟ್ಟು ಒಳಗೆ ಹೋದರು. ಅವರ ಹೆಂಡತಿ ಎರಡು ಲೋಟ ಚಹಾ ತಂದುಕೊಟ್ಟರು. ಕುಡಿದು ಮುಗಿಯುವವರೆಗೂ ಕಾದೆವು. ಕಾಕಾ ಹೊರಗೆ ಬರಲಿಲ್ಲ. ನಾನು ಕ್ಷಮೆ ಕೇಳಲಿಲ್ಲ; ಕೇಳಿದ್ದರೆ ಕೊಟ್ಟುಬಿಡುತ್ತಿದ್ದರೇನೋ, ಅವರು ಅಂಥ ಮನುಷ್ಯ. ಅದಕ್ಕೇ ಕೇಳಲಿಲ್ಲ.

ಈ ಬರಹವನ್ನು ನನ್ನ ಹೆಸರು ಹಾಕಿ ಮೂರು ಊರಿನ ಅದೇ ಗುಂಪಿಗೆ ಕಳಿಸುತ್ತಿದ್ದೇನೆ. ಇದರ ಜೊತೆಗೆ ಜನವರಿ, ಫೆಬ್ರುವರಿಯ ಪುಟಗಳ ಫೋಟೋ ಇದೆ — ದೀಪ ಎಷ್ಟು ತಾಸು, ಕಾಳು ಎಷ್ಟು, ಗಿಡವನ್ನು ಕುಡಿಕೆಯಲ್ಲಿ ನೆಡುವುದು ಹೇಗೆ, ಬಕೆಟ್ಟಿನಲ್ಲಿ ಎಷ್ಟು ದಿನ. ಅವೆಲ್ಲ ನಿತಾಯಿ ಕಾಕಾ ಹೇಳಿದ್ದು. ನನ್ನದು ಅಕ್ಷರ ಮಾತ್ರ. ಬಸವರಾಜ ಅವರಿಗೆ ನಾಳೆ ಬೆಳಿಗ್ಗೆ ಎದುರಿಗೇ ಹೇಳುತ್ತೇನೆ.

ನನ್ನ ಮಾತನ್ನು ನಂಬಿ ನಿಮ್ಮಲ್ಲಿ ಎಷ್ಟು ಮಂದಿ ಕ್ಯಾಂಪಿನ ಗಿಡ ಕಿತ್ತು ಎಸೆದಿರೋ ಗೊತ್ತಿಲ್ಲ. ಈಗಲೂ ನನ್ನ ಮಾತು ನಂಬಿ ಎಂದು ಹೇಳುವ ಮುಖ ನನಗಿಲ್ಲ. ಕ್ಯಾಂಪಿಗೆ, ಕಾಕಾ ಹತ್ತಿರ ಹೋಗಿ. ನಿಮ್ಮ ನೀರು ಹೇಗಿದೆ ಎಂದು ಅವರನ್ನೇ ಕೇಳಿ. ಬಂದು ನೋಡಿದರೆ, ಅವರು ನೋಡುವಷ್ಟು ಹೊತ್ತು ಸುಮ್ಮನಿರಿ, ಆಮೇಲೆ ಹೇಳಿದಂತೆ ಮಾಡಿ. ಬರುವುದಿಲ್ಲ, ನನಗೆ ಈಗ ತಿಳಿಯುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿ. ಅವರಿಗೆ ತಿಳಿಯುತ್ತದೆ. ತಿಳಿಯುವುದಿಲ್ಲ ಎಂದು ಅವರನ್ನು ನಂಬಿಸಿದವಳು ನಾನು.